ಆಳಿಸಿಕೊಂಡವರೇ ಬಿಡಿಸಿದರು ಆಳಿದವರನ್ನು

1961ರ ಡಿಸೆಂಬರ್ 18. ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪಕ್ಕೆ ಭಾರತದ ನೌಕಾಪಡೆ ಇಳಿಯಿತು. ದಡದಿಂದ ಬರಿಗಣ್ಣಿಗೆ ಕಾಣುವ ಆ ನಡುಗಡ್ಡೆ ಆಗ ಪೋರ್ಚುಗಲ್ ವಶದಲ್ಲಿತ್ತು. ಹಿಂದಿನ ತಿಂಗಳಷ್ಟೇ ಅಲ್ಲಿನ ಸೈನಿಕರು 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದ್ದರು. ಕೆಲವೇ ದಿನಗಳಲ್ಲಿ ಒಬ್ಬ ಮೀನುಗಾರನನ್ನೂ ಕೊಂದಿದ್ದರು. ಐಎನ್‌ಎಸ್ ತ್ರಿಶೂಲ್ ಮತ್ತು ಐಎನ್‌ಎಸ್ ಮೈಸೂರು ಹಡಗುಗಳ ಬೆಂಬಲದಲ್ಲಿ ನಡೆದ ಆ ಕಾರ್ಯಾಚರಣೆಯಲ್ಲಿ ನಮ್ಮ ನೌಕಾಪಡೆಯ ಏಳು ಮಂದಿ ಮಡಿದರು. ಅತ್ತ ಬೆಳಗಾವಿಯಲ್ಲಿ ಜಮಾಯಿಸಿದ್ದ ಭೂಸೇನೆಯ 17ನೇ ಡಿವಿಷನ್ ಗೋವಾದೊಳಕ್ಕೆ ನುಗ್ಗಿತು. ಮರುದಿನ ಸಂಜೆ ಪೋರ್ಚುಗೀಸ್ ಗವರ್ನರ್ ಜನರಲ್ ವಸ್ಸಾಲು ಇ ಸಿಲ್ವ ಶರಣಾದರು. 451 ವರ್ಷಗಳ ಆಳ್ವಿಕೆ ಎರಡು ದಿನಗಳಲ್ಲಿ ಮುಗಿಯಿತು.

ನಮ್ಮಲ್ಲಿ ಈ ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಲಿಸ್ಬನ್‌ನಲ್ಲಿ ಅದು ನಿಲ್ಲಲಿಲ್ಲ. ಕೊನೆಯ ಸೈನಿಕನವರೆಗೆ ಹೋರಾಡಿ ಎಂದು ಸರ್ವಾಧಿಕಾರಿ ಸಲಝಾರ್ ಅಪ್ಪಣೆ ಕೊಟ್ಟಿದ್ದ. ಮೂರು ಸಾವಿರಕ್ಕೂ ಹೆಚ್ಚು ಸೈನಿಕರ ಜೀವ ಉಳಿಸಿದ ಸಿಲ್ವ ಊರಿಗೆ ಮರಳಿದಾಗ ಸಿಕ್ಕಿದ್ದು ಅವಮಾನ. ಅವರನ್ನೂ ಹಲವು ಅಧಿಕಾರಿಗಳನ್ನೂ ಸೇನೆಯಿಂದ ಹೊರಹಾಕಲಾಯಿತು. ಯುದ್ಧ ಗೆಲ್ಲಲಾಗದು ಎಂದು ಗೊತ್ತಿದ್ದೂ ಸೈನ್ಯವನ್ನು ಬಲಿಕೊಡಲು ಸರ್ಕಾರ ಹಿಂಜರಿಯುವುದಿಲ್ಲ, ಸೋತರೆ ತಪ್ಪನ್ನೂ ಸೈನ್ಯದ ತಲೆಗೇ ಕಟ್ಟುತ್ತದೆ ಎಂಬುದು ಪೋರ್ಚುಗಲ್‌ನ ಅಧಿಕಾರಿಗಳಿಗೆ ಆಗ ಮನವರಿಕೆಯಾಯಿತು. ಹನ್ನೆರಡು ವರ್ಷಗಳ ನಂತರ ಅದೇ ಸೇನೆಯ ಕಿರಿಯ ಅಧಿಕಾರಿಗಳು ಲಿಸ್ಬನ್‌ನ ಬೀದಿಗೆ ಟ್ಯಾಂಕ್ ಇಳಿಸಿ ಆ ಸರ್ವಾಧಿಕಾರವನ್ನೇ ಕೆಡವಿದರು. ಅವರನ್ನು ಕಾಡಿದ ಭಯಗಳಲ್ಲಿ ಒಂದು, ಆಫ್ರಿಕಾದ ಗಿನಿಯಲ್ಲಿ ಇನ್ನೊಂದು ಗೋವಾ ಎದುರಾದೀತು ಎಂಬುದು.

ಇಪ್ಪತ್ತನೆಯ ಶತಮಾನದ ವಸಾಹತುಗಳು ಬಿಡುಗಡೆಯಾದ ಕಥೆಯನ್ನು ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಪೈಪೋಟಿಯ ಒಂದು ಅಧ್ಯಾಯವಾಗಿ ಓದುವ ಅಭ್ಯಾಸ ಬೇರೂರಿದೆ. ಪೋರ್ಚುಗಲ್‌ನ ಸಾಮ್ರಾಜ್ಯ ಕುಸಿದ ಬಗೆ ನೋಡಿದರೆ ಈ ಓದು ತಪ್ಪು ಎಂದು ನಾನು ನಂಬುತ್ತೇನೆ. ಸಾಮ್ರಾಜ್ಯವನ್ನು ಉರುಳಿಸಿದವರು ಆಫ್ರಿಕಾದ ಹಳ್ಳಿಗರು ಮತ್ತು ಯುದ್ಧದಿಂದ ಬೇಸತ್ತ ಯುವ ಅಧಿಕಾರಿಗಳು. ಮಹಾಶಕ್ತಿಗಳು ಮಾಡಿದ್ದು ಬಿಡುಗಡೆಯ ಬೆಲೆಯನ್ನು ಏರಿಸಿದ್ದು.

ಬಡ ದೇಶದ ದೊಡ್ಡ ಸಾಮ್ರಾಜ್ಯ

1960ರ ಹೊತ್ತಿಗೆ ಬ್ರಿಟನ್ ಮತ್ತು ಫ್ರಾನ್ಸ್ ಆಫ್ರಿಕಾದಿಂದ ಒಂದೊಂದಾಗಿ ಕಾಲು ತೆಗೆಯುತ್ತಿದ್ದವು. ಪಶ್ಚಿಮ ಯುರೋಪಿನ ಅತಿ ಬಡ ದೇಶಗಳಲ್ಲಿ ಒಂದಾಗಿದ್ದ, ಒಂಬತ್ತು ದಶಲಕ್ಷದಷ್ಟು ಜನರಿದ್ದ ಪೋರ್ಚುಗಲ್ ಮಾತ್ರ ಹಟ ಹಿಡಿದಿತ್ತು. ಅಂಗೋಲಾ, ಮೊಜಾಂಬಿಕ್, ಗಿನಿ ಬಿಸ್ಸಾವು, ಕೇಪ್ ವರ್ಡ್, ಸಾವೊ ತೊಮೆ ಅದರ ಹಿಡಿತದಲ್ಲಿದ್ದವು. 1951ರಲ್ಲಿ ಸಂವಿಧಾನ ತಿದ್ದಿ ವಸಾಹತುಗಳಿಗೆ 'ಸಾಗರೋತ್ತರ ಪ್ರಾಂತ್ಯ'ಗಳೆಂದು ಹೆಸರಿಟ್ಟದ್ದು ವಿಶ್ವಸಂಸ್ಥೆಯ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವ ಉಪಾಯ. ನೆಲದ ಮೇಲೆ ಏನೂ ಬದಲಾಗಲಿಲ್ಲ. 1961ರವರೆಗೂ ಆಫ್ರಿಕನ್ನರಲ್ಲಿ ಬಹುತೇಕರು ಕಾನೂನಿನ ಕಣ್ಣಲ್ಲಿ ನಾಗರಿಕರೇ ಆಗಿರಲಿಲ್ಲ. ರಸ್ತೆಗೆ, ತೋಟಕ್ಕೆ, ಗಣಿಗೆ ಬಿಟ್ಟಿ ದುಡಿಮೆಗೆ ಹಿಡಿದೊಯ್ಯುವುದು ಮಾಮೂಲಾಗಿತ್ತು.

ಅಂಗೋಲಾದ ಕಸಾಂಜೆ ಬಯಲಿನಲ್ಲಿ ರೈತರು ತಮ್ಮ ಹೊಲದಲ್ಲಿ ಕಡ್ಡಾಯವಾಗಿ ಹತ್ತಿಯನ್ನೇ ಬೆಳೆಯಬೇಕಿತ್ತು. ಕಂಪನಿ ನಿಗದಿ ಮಾಡಿದ ಬೆಲೆಗೆ ಅದಕ್ಕೇ ಮಾರಬೇಕಿತ್ತು. ಹೊಟ್ಟೆಗೆ ಬೇಕಾದ ಧಾನ್ಯಕ್ಕೆ ನೆಲವೂ ಸಮಯವೂ ಉಳಿಯುತ್ತಿರಲಿಲ್ಲ. 1961ರ ಜನವರಿಯಲ್ಲಿ ಅವರು ಬಿತ್ತನೆಗೆ ನಿರಾಕರಿಸಿದರು, ಬೀಜ ಸುಟ್ಟರು. ಪೋರ್ಚುಗೀಸ್ ವಿಮಾನಗಳು ಹಳ್ಳಿಗಳ ಮೇಲೆ ಬಾಂಬು ಸುರಿದವು. ಫೆಬ್ರುವರಿ 4ರಂದು ಲುವಾಂಡಾದ ಜೈಲಿನ ಮೇಲೆ ದಾಳಿಯಾಯಿತು. ಮಾರ್ಚ್ 15ರಂದು ಉತ್ತರದ ಕಾಫಿ ತೋಟಗಳಲ್ಲಿ ಭೀಕರ ದಂಗೆ ಎದ್ದಿತು. ಬಿಳಿಯರೂ ಅವರ ತೋಟಗಳ ಕರಿಯ ಕೂಲಿಗಳೂ ನೂರಾರು ಸಂಖ್ಯೆಯಲ್ಲಿ ಸತ್ತರು. ಪ್ರತೀಕಾರದಲ್ಲಿ ಅದರ ಹತ್ತಾರು ಪಟ್ಟು ಆಫ್ರಿಕನ್ನರು ಸತ್ತರು.

ಅದೇ ಮಾರ್ಚ್ 15ರಂದು ಭದ್ರತಾ ಮಂಡಳಿಯಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟದ ಜೊತೆ ನಿಂತು ಪೋರ್ಚುಗಲ್ ವಿರುದ್ಧ ಮತ ಹಾಕಿತು. ಹೊಸ ಅಧ್ಯಕ್ಷ ಕೆನಡಿಯ ಈ ನಡೆ ಆಫ್ರಿಕಾದಲ್ಲಿ ಆಸೆ ಹುಟ್ಟಿಸಿತು. ಆಸೆ ಬಹಳ ದಿನ ಬಾಳಲಿಲ್ಲ. ಪೋರ್ಚುಗಲ್ 1949ರಿಂದಲೇ ನ್ಯಾಟೋ ಕೂಟದ ಸ್ಥಾಪಕ ಸದಸ್ಯ. ಅಟ್ಲಾಂಟಿಕ್ ಸಾಗರದ ನಡುವಿನ ಅದರ ಅಝೋರ್ಸ್ ದ್ವೀಪಗಳಲ್ಲಿ ಅಮೆರಿಕದ ವಾಯುನೆಲೆ ಇತ್ತು. ಅದರ ಒಪ್ಪಂದದ ಅವಧಿ 1962ರ ಕೊನೆಗೆ ಮುಗಿಯಲಿತ್ತು. ನೆಲೆ ಕೈತಪ್ಪುವ ಭಯದಲ್ಲಿ ವಾಷಿಂಗ್ಟನ್ ದನಿ ತಗ್ಗಿಸಿತು. ಆ ಹೊತ್ತಿಗೆ ಗೋವಾ ಪ್ರಶ್ನೆಯೂ ಇದೇ ತಕ್ಕಡಿಗೆ ಬಿದ್ದಿತ್ತು. 1961ರ ಡಿಸೆಂಬರ್‌ನಲ್ಲಿ ಭಾರತದ ಸೇನೆ ಹಿಂದೆ ಸರಿಯಬೇಕೆಂದು ಅಮೆರಿಕ, ಬ್ರಿಟನ್, ಫ್ರಾನ್ಸ್, ಟರ್ಕಿ ತಂದ ನಿರ್ಣಯವನ್ನು ಸೋವಿಯತ್ ವಿಟೋ ತಡೆಯಿತು. ಭಾರತದ ಪರವಾಗಿ ಮತ ಹಾಕಿದ ಉಳಿದ ಮೂವರು ಸಿಲೋನ್, ಲೈಬೀರಿಯಾ ಮತ್ತು ಈಜಿಪ್ಟ್.

ಗೋವಾದ ಬಿಡುಗಡೆಗೆ ಆಫ್ರಿಕಾದ ಒತ್ತಾಸೆಯೂ ಇತ್ತೆಂಬುದನ್ನು ನಾವು ಮರೆತಿದ್ದೇವೆ. 1961ರ ಏಪ್ರಿಲ್‌ನಲ್ಲಿ ಕಾಸಾಬ್ಲಾಂಕಾದಲ್ಲಿ ಪೋರ್ಚುಗೀಸ್ ವಸಾಹತುಗಳ ಚಳವಳಿಗಳು ಒಂದೇ ವೇದಿಕೆಗೆ ಬಂದಾಗ ಅಂಗೋಲಾ, ಮೊಜಾಂಬಿಕ್, ಗಿನಿಗಳ ಜೊತೆ ಗೋವಾದ ಪ್ರತಿನಿಧಿಗಳೂ ಇದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ನಡೆದ ಸಮಾವೇಶದಲ್ಲಿ ಆಫ್ರಿಕಾದ ನಾಯಕರು ಗೋವಾ ವಿಷಯದಲ್ಲಿ ಇನ್ನು ತಡಮಾಡಬಾರದೆಂದು ನೆಹರೂ ಅವರನ್ನು ಒತ್ತಾಯಿಸಿದರು.

ಮಣ್ಣು ಬಲ್ಲ ನಾಯಕ

ಪೋರ್ಚುಗಲ್ ಆಫ್ರಿಕಾದಲ್ಲಿ ಅಂಗೋಲಾ, ಮೊಜಾಂಬಿಕ್, ಗಿನಿ ಬಿಸ್ಸಾವುಗಳಲ್ಲಿ ಕಾದಾಡಿತು. ಈ ಮೂರು ಯುದ್ಧಭೂಮಿಗಳಲ್ಲಿ ಅತಿ ಪುಟ್ಟದು ಗಿನಿ ಬಿಸ್ಸಾವು. ಚಿನ್ನವಿಲ್ಲ, ತೈಲವಿಲ್ಲ. ನದಿ, ಕೆಸರು, ಭತ್ತದ ಗದ್ದೆ, ಕಡಲೆಕಾಯಿ ಹೊಲ. ಸಾಮ್ರಾಜ್ಯದ ಬೆನ್ನುಮೂಳೆ ಮುರಿದದ್ದು ಇಲ್ಲಿ.

ಅಮಿಲ್ಕಾರ್ ಕಬ್ರಾಲ್ 1924ರಲ್ಲಿ ಅಲ್ಲಿಯೇ ಹುಟ್ಟಿದವರು. ಲಿಸ್ಬನ್‌ನಲ್ಲಿ ಕೃಷಿ ವಿಜ್ಞಾನ ಓದಿ ಸರ್ಕಾರಿ ಕೆಲಸಕ್ಕೆ ಸೇರಿದರು. 1953ರಲ್ಲಿ ಗಿನಿಯ ಕೃಷಿ ಗಣತಿಯ ಹೊಣೆ ಅವರ ಮೇಲೆ ಬಿತ್ತು. ಯಾರು ಏನು ಬೆಳೆಯುತ್ತಾರೆ, ಯಾವ ಸಮುದಾಯದಲ್ಲಿ ನೆಲ ಯಾರದು, ಮುಖಂಡನ ಮಾತು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದೆಲ್ಲ ಊರೂರು ಸುತ್ತಿದ ಆ ಕೆಲಸದಲ್ಲಿ ಅವರಿಗೆ ತಿಳಿಯಿತು. ಸರ್ಕಾರದ ಖರ್ಚಿನಲ್ಲಿ ಸಿಕ್ಕ ಈ ತಿಳಿವಳಿಕೆಯೇ ಸರ್ಕಾರದ ವಿರುದ್ಧದ ಹೋರಾಟಕ್ಕೆ ತಳಹದಿಯಾಯಿತು. 1956ರಲ್ಲಿ ಗಿನಿ ಮತ್ತು ಕೇಪ್ ವರ್ಡ್‌ಗಳ ಬಿಡುಗಡೆಗಾಗಿ ಅವರ ಪಿಎಐಜಿಸಿ ಪಕ್ಷ ಹುಟ್ಟಿತು. 1959ರ ಆಗಸ್ಟ್ 3ರಂದು ಬಿಸ್ಸಾವು ಬಂದರಿನಲ್ಲಿ ಕೂಲಿ ಹೆಚ್ಚಳ ಕೇಳಿ ಮುಷ್ಕರ ಹೂಡಿದ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸುಮಾರು 50 ಮಂದಿ ಸತ್ತರು. ಪಟ್ಟಣದ ಮುಷ್ಕರದಿಂದ ಈ ಆಡಳಿತ ಬಗ್ಗದು ಎಂದು ಅರಿತ ಕಬ್ರಾಲ್ ಹಳ್ಳಿಗಳತ್ತ ತಿರುಗಿದರು. ಮೂರು ವರ್ಷಕ್ಕೂ ಹೆಚ್ಚು ಕಾಲ ತಯಾರಿ ನಡೆಸಿ, 1963ರ ಜನವರಿಯಲ್ಲಿ ಬಂದೂಕು ಎತ್ತಿದರು.

ಬಿಡಿಸಿಕೊಂಡ ಪ್ರದೇಶಗಳಲ್ಲಿ ಮರದ ಕೆಳಗೆ ಶಾಲೆಗಳು ನಡೆದವು, ಆರೋಗ್ಯ ಕೇಂದ್ರಗಳು ತೆರೆದವು. ಭತ್ತಕ್ಕೆ ಬದಲಾಗಿ ಬಟ್ಟೆ, ಉಪ್ಪು, ಸೋಪು ಕೊಡುವ ಜನತಾ ಅಂಗಡಿಗಳು ಬಂದವು. ಶಸ್ತ್ರಗಳು ಸೋವಿಯತ್ ಒಕ್ಕೂಟದಿಂದ ಬಂದವು, ಕ್ಯೂಬಾದಿಂದ ವೈದ್ಯರು ಬಂದರು, ಸ್ವೀಡನ್ ಸರ್ಕಾರ 1969ರಿಂದ ನಾಗರಿಕ ನೆರವು ಕಳಿಸಿತು. ಎಲ್ಲವನ್ನೂ ಪಡೆದ ಕಬ್ರಾಲ್ ಯಾರ ಬಣಕ್ಕೂ ಪಕ್ಷವನ್ನು ಒಪ್ಪಿಸಲಿಲ್ಲ. ನಮ್ಮ ಹೋರಾಟ ಪೋರ್ಚುಗಲ್‌ನ ಜನರ ವಿರುದ್ಧವಲ್ಲ, ಅವರನ್ನೂ ತುಳಿಯುತ್ತಿರುವ ವ್ಯವಸ್ಥೆಯ ವಿರುದ್ಧ ಎಂದು ಅವರು ಮತ್ತೆ ಮತ್ತೆ ಹೇಳಿದರು. 1972ರಲ್ಲಿ ವಿಶ್ವಸಂಸ್ಥೆಯ ನಿಯೋಗ ಆ ಪ್ರದೇಶಗಳಿಗೆ ಬಂದು ಕಣ್ಣಾರೆ ನೋಡಿತು. ಅದೇ ವರ್ಷ ಅಲ್ಲಿ ಚುನಾವಣೆ ನಡೆಯಿತು.

1973ರ ಜನವರಿ 20ರಂದು ನೆರೆದೇಶದ ರಾಜಧಾನಿ ಕೊನಾಕ್ರಿಯಲ್ಲಿ ಕಬ್ರಾಲ್ ಹತ್ಯೆಯಾಯಿತು. ನಾಯಕನನ್ನು ಕೊಂದರೆ ಚಳವಳಿ ಚದುರೀತೆಂಬ ಎಣಿಕೆ ಸುಳ್ಳಾಯಿತು. ಕೆಲವೇ ತಿಂಗಳಲ್ಲಿ ಗೆರಿಲ್ಲಾಗಳ ಹೆಗಲ ಮೇಲೆ ಸೋವಿಯತ್‌ನ ಸ್ಟ್ರೆಲಾ ಕ್ಷಿಪಣಿಗಳು ಬಂದವು. ಆಕಾಶದಲ್ಲಿ ಪೋರ್ಚುಗಲ್‌ಗಿದ್ದ ಏಕೈಕ ಮೇಲುಗೈ ಹೋಯಿತು. ಸೆಪ್ಟೆಂಬರ್ 24ರಂದು ಮದೀನಾ ದು ಬೊಯೆಯಲ್ಲಿ ಗಿನಿ ಬಿಸ್ಸಾವು ತನ್ನಷ್ಟಕ್ಕೆ ತಾನೇ ಸ್ವಾತಂತ್ರ್ಯ ಸಾರಿತು. ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅದನ್ನು ಸ್ವಾಗತಿಸಿತು. ಪೋರ್ಚುಗಲ್ ಇನ್ನೂ ಅಲ್ಲಿ ಯುದ್ಧ ಮಾಡುತ್ತಲೇ ಇತ್ತು.

ಕ್ಯಾಪ್ಟನ್‌ಗಳ ರಾತ್ರಿ

ಆ ಹೊತ್ತಿಗೆ ಸರ್ಕಾರದ ಖರ್ಚಿನ ಶೇ 40ರ ಆಸುಪಾಸು ಸೇನೆಗೆ ಹೋಗುತ್ತಿತ್ತು. ಸ್ಥಳೀಯವಾಗಿ ಸೇರಿಸಿಕೊಂಡವರೂ ಸೇರಿ ಆಫ್ರಿಕಾದಲ್ಲಿ ಸುಮಾರು 1.5 ಲಕ್ಷ ಸೈನಿಕರಿದ್ದರು. ವಯಸ್ಸಿಗೆ ಬಂದ ಹುಡುಗರೆಲ್ಲ ಕಡ್ಡಾಯ ಸೇವೆಗೆ ಹೋಗಬೇಕಿತ್ತು, ಅದು ನಾಲ್ಕು ವರ್ಷದವರೆಗೂ ಎಳೆಯುತ್ತಿತ್ತು. ತಪ್ಪಿಸಿಕೊಳ್ಳಲು ಸಾವಿರಾರು ಮಂದಿ ರಾತ್ರೋರಾತ್ರಿ ಗಡಿ ದಾಟಿ ಫ್ರಾನ್ಸ್ ಸೇರಿದರು. ಹದಿಮೂರು ವರ್ಷಗಳಲ್ಲಿ 8,000ಕ್ಕೂ ಹೆಚ್ಚು ಪೋರ್ಚುಗೀಸ್ ಸೈನಿಕರು ಸತ್ತರು. 1968ರಲ್ಲಿ ಸಲಝಾರ್ ಹಾಸಿಗೆ ಹಿಡಿದ ಮೇಲೆ ಬಂದ ಕಾಯ್ತಾನು ಕೂಡ ದಾರಿ ಬದಲಿಸಲಿಲ್ಲ. ಗಿನಿಯ ಗವರ್ನರ್ ಆಗಿದ್ದ ಜನರಲ್ ಸ್ಪಿನೊಲಾ 1972ರಲ್ಲಿ ಮಾತುಕತೆಯ ದಾರಿ ಸೂಚಿಸಿದಾಗ, ಸಂಧಾನಕ್ಕಿಂತ ಗೌರವದ ಸೋಲೇ ಮೇಲು ಎಂಬ ಅರ್ಥದ ಉತ್ತರ ಬಂತು. ಗೋವಾದ ನೆನಪಿದ್ದ ಸೈನ್ಯಕ್ಕೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ.

1973ರ ಜುಲೈನಲ್ಲಿ ಸರ್ಕಾರ ಹೊರಡಿಸಿದ ಒಂದು ಆದೇಶ ಕಿಡಿ ಹೊತ್ತಿಸಿತು. ಅಧಿಕಾರಿಗಳ ಕೊರತೆ ನೀಗಲು, ಕಡ್ಡಾಯ ಸೇವೆಗೆ ಬಂದವರಿಗೆ ಕಿರು ತರಬೇತಿ ಕೊಟ್ಟು ಕಾಯಂ ಅಧಿಕಾರಿಗಳ ಸಾಲಿಗೆ ಸೇರಿಸುವ ಆದೇಶವದು. ಬಡ್ತಿಯ ಅಸಮಾಧಾನದಿಂದ ಸೆಪ್ಟೆಂಬರ್‌ನಲ್ಲಿ ಗುಟ್ಟಾಗಿ ಸೇರತೊಡಗಿದ ಕ್ಯಾಪ್ಟನ್‌ಗಳ ಮಾತು ಕೆಲವೇ ತಿಂಗಳಲ್ಲಿ ಯುದ್ಧದ ಪ್ರಶ್ನೆಗೆ, ಅಲ್ಲಿಂದ ಸರ್ವಾಧಿಕಾರದ ಪ್ರಶ್ನೆಗೆ ಬೆಳೆಯಿತು. ಇವರಲ್ಲಿ ಹಲವರು ಗಿನಿಯಲ್ಲಿ ಹೋರಾಡಿದವರು. ಎದುರಾಳಿಯ ಕರಪತ್ರ, ಪುಸ್ತಕ ಓದಿದವರು. ತಾವು ಯಾರ ವಿರುದ್ಧ, ಯಾರಿಗಾಗಿ ಹೋರಾಡುತ್ತಿದ್ದೇವೆ ಎಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು. 1974ರ ಫೆಬ್ರುವರಿಯಲ್ಲಿ ಸ್ಪಿನೊಲಾ, ಈ ಯುದ್ಧವನ್ನು ಶಸ್ತ್ರದಿಂದ ಗೆಲ್ಲಲಾಗದು ಎಂದು ಪುಸ್ತಕವನ್ನೇ ಬರೆದು ಪ್ರಕಟಿಸಿದರು.

ಏಪ್ರಿಲ್ 25ರ ನಡುರಾತ್ರಿ 12.20ಕ್ಕೆ ರೇಡಿಯೋದಲ್ಲಿ 'ಗ್ರಾಂದೊಲಾ, ವಿಲಾ ಮೊರೆನಾ' ಹಾಡು ಬಂತು. ಅದೇ ಸಂಕೇತ. ಸಾಂತರೆಮ್‌ನ ಅಶ್ವದಳ ಶಾಲೆಯಿಂದ ಕ್ಯಾಪ್ಟನ್ ಸಲ್ಗೇರು ಮಾಯಾ ತನ್ನ ತುಕಡಿಯೊಂದಿಗೆ ಲಿಸ್ಬನ್‌ಗೆ ಹೊರಟ. ಮನೆಯಲ್ಲೇ ಇರಿ ಎಂದು ರೇಡಿಯೋದಲ್ಲಿ ಎಷ್ಟು ಹೇಳಿದರೂ ಕೇಳದೆ ಜನ ಬೀದಿಗೆ ಬಂದರು. ಬಂದೂಕಿನ ನಳಿಕೆಗಳಿಗೆ ಕೆಂಪು ಕಾರ್ನೇಷನ್ ಹೂ ಸಿಕ್ಕಿಸಿದರು. ಸಂಜೆಯ ಹೊತ್ತಿಗೆ ಕಾಯ್ತಾನು ಶರಣಾದ. ರಹಸ್ಯ ಪೊಲೀಸರು ತಮ್ಮ ಕಚೇರಿಯಿಂದ ಹಾರಿಸಿದ ಗುಂಡಿಗೆ ನಾಲ್ವರು ಬಲಿಯಾದರು. ಪಶ್ಚಿಮ ಯುರೋಪಿನ ಅತಿ ದೀರ್ಘ ಸರ್ವಾಧಿಕಾರ ಒಂದೇ ಹಗಲಿನಲ್ಲಿ ಕುಸಿಯಿತು. ವರ್ಷ ತುಂಬಿದ ದಿನ ನಡೆದ ಚುನಾವಣೆಯಲ್ಲಿ ಶೇ 90ಕ್ಕೂ ಹೆಚ್ಚು ಜನ ಮತ ಹಾಕಿದರು. ಅದಕ್ಕೂ ಮೊದಲೇ, ಹೊಸ ಸರ್ಕಾರದ ವಿದೇಶಾಂಗ ಸಚಿವ ಮಾರಿಯೋ ಸೊವಾರೆಸ್ 1974ರ ಡಿಸೆಂಬರ್ 31ರಂದು ದೆಹಲಿಗೆ ಬಂದು ಗೋವಾ ಭಾರತದ್ದೆಂದು ಒಪ್ಪಿ ಸಹಿ ಹಾಕಿದರು.

ಈ ಕುಸಿತವನ್ನು ಯಾವ ಮಹಾಶಕ್ತಿಯೂ ಊಹಿಸಿರಲಿಲ್ಲ. ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಬಿಳಿಯರ ಆಳ್ವಿಕೆ ಸದ್ಯಕ್ಕೆ ಹೋಗುವಂಥದ್ದಲ್ಲ ಎಂಬ ಎಣಿಕೆಯ ಮೇಲೆ ವಾಷಿಂಗ್ಟನ್ 1969ರಲ್ಲಿ ತನ್ನ ನೀತಿ ರೂಪಿಸಿತ್ತು. ಅಂಗೋಲಾದ ಎಂಪಿಎಲ್‌ಎ ಪಕ್ಷದ ಒಳಜಗಳ ನೋಡಿ ಬೇಸತ್ತ ಮಾಸ್ಕೋ, ಲಿಸ್ಬನ್ ಕ್ರಾಂತಿಗೆ ಸ್ವಲ್ಪ ಮುಂಚೆ ನೆರವನ್ನೇ ನಿಲ್ಲಿಸಿತ್ತು.

ಒಂದು ದೇಶ, ಮೂರು ಪಕ್ಷ

ಗಿನಿಯಲ್ಲೂ ಮೊಜಾಂಬಿಕ್‌ನಲ್ಲೂ ಅಧಿಕಾರ ಹಸ್ತಾಂತರ ಹೆಚ್ಚುಕಡಿಮೆ ಸುಗಮವಾಗಿ ನಡೆಯಿತು, ಏಕೆಂದರೆ ಅಲ್ಲಿ ಹೋರಾಟ ಒಂದೇ ಸಂಘಟನೆಯ ಕೈಯಲ್ಲಿತ್ತು. ಮೊಜಾಂಬಿಕ್‌ನ ಫ್ರೆಲಿಮೋ ತನ್ನ ಮೊದಲ ಅಧ್ಯಕ್ಷ ಎದುವಾರ್ದು ಮೊಂದ್ಲಾನೆ ಅವರನ್ನು 1969ರಲ್ಲಿ ಪಾರ್ಸೆಲ್ ಬಾಂಬಿಗೆ ಕಳೆದುಕೊಂಡರೂ ಒಡೆಯಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಸಮೋರಾ ಮಶೇಲ್ ನಾಯಕತ್ವದಲ್ಲಿ 1975ರ ಜೂನ್ 25ರಂದು ದೇಶ ಸ್ವತಂತ್ರವಾಯಿತು. ಅದರ ಅಲೆ ನಮ್ಮ ಕರಾವಳಿಗೂ ತಟ್ಟಿತು. ಮಂಗಳೂರಿನ ಗೇರುಬೀಜ ಕಾರ್ಖಾನೆಗಳು ದಶಕಗಳ ಕಾಲ ಸುಲಿಯುತ್ತಿದ್ದ ಕಚ್ಚಾ ಬೀಜದಲ್ಲಿ ಬಹುಪಾಲು ಮೊಜಾಂಬಿಕ್ ಮತ್ತು ಅದರ ನೆರೆಯ ಪೂರ್ವ ಆಫ್ರಿಕಾದ್ದು. ತಮ್ಮ ಬೀಜವನ್ನು ತಮ್ಮಲ್ಲೇ ಸುಲಿದು ತಮ್ಮವರಿಗೇ ಕೆಲಸ ಕೊಡಬೇಕೆಂದು ಹೊಸ ಸರ್ಕಾರ ಕಚ್ಚಾ ಬೀಜದ ರಫ್ತಿಗೆ ತಡೆ ಹಾಕಿದಾಗ ನಮ್ಮ ಕಾರ್ಖಾನೆಗಳಿಗೆ ಕೊರತೆ ಬಂತು. ಅದು ನಮಗೆ ನಷ್ಟವಾದರೂ ಅವರ ಹಕ್ಕು.

ಅಂಗೋಲಾದ ಕಥೆ ಬೇರೆ. ಅಲ್ಲಿ ತೈಲ, ವಜ್ರ, ಕಾಫಿ ಎಲ್ಲವೂ ಇತ್ತು, ಮೂರು ಪಕ್ಷಗಳೂ ಇದ್ದವು. ವೈದ್ಯ ಮತ್ತು ಕವಿ ಅಗೊಸ್ತಿನ್ಯು ನೆತೋ ಅವರ ಎಂಪಿಎಲ್‌ಎಗೆ ಲುವಾಂಡಾದಲ್ಲಿ ಬಲ. ಹೋಲ್ಡನ್ ರಾಬರ್ಟೊ ಅವರ ಎಫ್‌ಎನ್‌ಎಲ್‌ಎಗೆ ಉತ್ತರದಲ್ಲಿ. ಜೋನಾಸ್ ಸವಿಂಬಿಯ ಯುನಿಟಾಗೆ ನಡುನಾಡಿನ ಎತ್ತರದ ಪ್ರದೇಶದಲ್ಲಿ. 1975ರ ಜನವರಿ 15ರಂದು ಅಲ್ವೋರ್ ಒಪ್ಪಂದಕ್ಕೆ ಮೂವರೂ ಸಹಿ ಹಾಕಿ, ನವೆಂಬರ್ 11ಕ್ಕೆ ಸ್ವಾತಂತ್ರ್ಯ ಎಂದು ಒಪ್ಪಿದರು. ಅದೇ ತಿಂಗಳು ಅಮೆರಿಕ ರಾಬರ್ಟೊಗೆ ಗುಟ್ಟಾಗಿ 3 ಲಕ್ಷ ಡಾಲರ್ ಮಂಜೂರು ಮಾಡಿತು. ಅವರ ಸೈನಿಕರಿಗೆ ಚೀನಾ ಆಗಲೇ ನೆರೆಯ ಝೈರ್‌ನಲ್ಲಿ ತರಬೇತಿ ಕೊಡುತ್ತಿತ್ತು. ಸೋವಿಯತ್ ಶಸ್ತ್ರಗಳು ಎಂಪಿಎಲ್‌ಎ ಕಡೆಗೆ ಮತ್ತೆ ಹರಿಯತೊಡಗಿದ್ದವು. ಮನೆಯ ಬಿರುಕಿನಲ್ಲಿ ಹೊರಗಿನವರೆಲ್ಲ ಕೈ ತೂರಿಸಿದರು.

ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಫೋರ್ಡ್ ಎಂಪಿಎಲ್‌ಎ ವಿರುದ್ಧದ ಸಿಐಎ ಕಾರ್ಯಾಚರಣೆಗೆ ಒಪ್ಪಿದರು. ಅದಕ್ಕೆ ಹರಿದ ಹಣ ಸುಮಾರು 3.2 ಕೋಟಿ ಡಾಲರ್. ಅಕ್ಟೋಬರ್‌ನಲ್ಲಿ ವರ್ಣಭೇದದ ದಕ್ಷಿಣ ಆಫ್ರಿಕಾದ ಸೇನೆ ದಕ್ಷಿಣದ ಗಡಿ ದಾಟಿ ಲುವಾಂಡಾದತ್ತ ವೇಗವಾಗಿ ಬಂತು. ಲುವಾಂಡಾದ ಬಿಳಿಯರು ಮನೆಯ ಸಾಮಾನನ್ನೆಲ್ಲ ಮರದ ಪೆಟ್ಟಿಗೆಗಳಿಗೆ ತುಂಬಿ ಹಡಗು ಹತ್ತುತ್ತಿದ್ದರು. ಎಲ್ಲ ವಸಾಹತುಗಳಿಂದ 5 ಲಕ್ಷದಷ್ಟು ಜನ ಹೀಗೆ ಪೋರ್ಚುಗಲ್ ಸೇರಿದರು. ಅವರಲ್ಲಿ ಅನೇಕರು ಹುಟ್ಟಿದ್ದೇ ಆಫ್ರಿಕಾದಲ್ಲಿ.

ನವೆಂಬರ್ ಮೊದಲ ವಾರ ಎಂಪಿಎಲ್‌ಎ ನೆರವಿಗೆ ಕ್ಯೂಬಾ ತನ್ನ ಸೈನಿಕರನ್ನು ವಿಮಾನದಲ್ಲಿ ಕಳಿಸಿತು. 1843ರಲ್ಲಿ ಕ್ಯೂಬಾದ ಸಕ್ಕರೆ ಕಾರ್ಖಾನೆಯೊಂದರಲ್ಲಿ ದಂಗೆಯ ಮುಂದಾಳಾಗಿದ್ದ ಗುಲಾಮ ಮಹಿಳೆ ಕಾರ್ಲೋತಾಳ ಹೆಸರನ್ನು ಆ ಕಾರ್ಯಾಚರಣೆಗೆ ಇಟ್ಟರು. ಕ್ಯಾಸ್ಟ್ರೊ ಈ ನಿರ್ಧಾರ ತೆಗೆದುಕೊಂಡದ್ದು ಮಾಸ್ಕೋವನ್ನು ಕೇಳದೆ ಎಂದು ಹವಾನಾದ ದಾಖಲೆಗಳನ್ನು ಶೋಧಿಸಿದ ಇತಿಹಾಸಕಾರ ಪಿಯೆರೊ ಗ್ಲೆಹೆಸೆಸ್ ತೋರಿಸಿಕೊಟ್ಟಿದ್ದಾರೆ. ದೊಡ್ಡವರ ದಾಳ ಎಂದು ಎಲ್ಲರೂ ಕರೆದ ಪುಟ್ಟ ದ್ವೀಪ ತಾನೇ ಆಟ ಬದಲಿಸಿತ್ತು.

ನವೆಂಬರ್ 10ರಂದು ಲುವಾಂಡಾದ ಹೊರವಲಯದ ಕಿಫಂಗೊಂಡೊದಲ್ಲಿ ಎಫ್‌ಎನ್‌ಎಲ್‌ಎ ಮತ್ತು ಝೈರ್ ಪಡೆಗಳು ಸೋತು ಓಡಿದವು. ಅದೇ ದಿನ ಪೋರ್ಚುಗಲ್‌ನ ಹೈಕಮಿಷನರ್, ಅಧಿಕಾರವನ್ನು ಅಂಗೋಲಾದ ಜನರಿಗೆ ಒಪ್ಪಿಸಿರುವುದಾಗಿ ಹೇಳಿ ಹಡಗು ಹತ್ತಿದರು. ಆ ಜನರ ಪರವಾಗಿ ಅದನ್ನು ಪಡೆಯಲು ಸಮಾರಂಭದಲ್ಲಿ ಯಾರೂ ಇರಲಿಲ್ಲ. ನಡುರಾತ್ರಿ ನೆತೋ ಸ್ವಾತಂತ್ರ್ಯ ಘೋಷಿಸಿದರು. 1976ರ ಮೊದಲ ತಿಂಗಳುಗಳಲ್ಲಿ ಕ್ಯೂಬಾದ ಸೈನಿಕರ ಸಂಖ್ಯೆ 36,000ಕ್ಕೆ ಏರಿತು. ಮಾರ್ಚ್ ಕೊನೆಗೆ ದಕ್ಷಿಣ ಆಫ್ರಿಕಾ ಹಿಂದೆ ಸರಿಯಿತು. ವಿಯೆಟ್ನಾಂನಿಂದ ಬಳಲಿದ್ದ ಅಮೆರಿಕದ ಸಂಸತ್ತು ಇನ್ನು ಹಣವಿಲ್ಲ ಎಂದು ಆಗಲೇ ಹೇಳಿತ್ತು.

ಬೆಲೆ ತೆತ್ತವರು

ಮುಂದಿನ ವರ್ಷಗಳಲ್ಲಿ ಸಿದ್ಧಾಂತದ ಬಣ್ಣ ಎಷ್ಟು ತೆಳುವಾಗಿತ್ತೆಂದು ಅಂಗೋಲಾದ ಕಬಿಂಡಾ ಪ್ರಾಂತ್ಯದ ತೈಲಬಾವಿಗಳು ತೋರಿಸಿದವು. ಅಲ್ಲಿ ತೈಲ ತೆಗೆಯುತ್ತಿದ್ದುದು ಗಲ್ಫ್ ಆಯಿಲ್ ಎಂಬ ಅಮೆರಿಕದ ಕಂಪನಿ. ಅದರ ಹಣ ಹೋಗುತ್ತಿದ್ದುದು ಮಾರ್ಕ್ಸ್‌ವಾದಿ ಸರ್ಕಾರಕ್ಕೆ. ಬಾವಿಗಳನ್ನು ಕಾಯುತ್ತಿದ್ದುದು ಕ್ಯೂಬಾದ ಸೈನಿಕರು. ಆ ಸರ್ಕಾರವನ್ನು ಉರುಳಿಸಲು ಹೊರಟ ಸವಿಂಬಿಯನ್ನು ಅಧ್ಯಕ್ಷ ರೇಗನ್ 1986ರಲ್ಲಿ ಶ್ವೇತಭವನದಲ್ಲಿ ಬರಮಾಡಿಕೊಂಡು ಸ್ಟಿಂಗರ್ ಕ್ಷಿಪಣಿ ಕೊಟ್ಟರು. ತೈಲ ಒಂದು ಕಡೆಗೆ, ವಜ್ರ ಇನ್ನೊಂದು ಕಡೆಗೆ ಯುದ್ಧದ ಖರ್ಚು ಹೊತ್ತವು. ನೆಲಬಾಂಬಿಗೆ ಕಾಲು ಕಳೆದುಕೊಂಡವರು ಹೊಲಕ್ಕೆ, ನೀರಿಗೆ ಹೋದ ಹಳ್ಳಿಗರು. ಸೋವಿಯತ್ ಒಕ್ಕೂಟವೇ ಇಲ್ಲವಾದ ಮೇಲೂ ಕಾಳಗ ಮುಗಿಯಲಿಲ್ಲ. 2002ರ ಫೆಬ್ರುವರಿಯಲ್ಲಿ ಸವಿಂಬಿ ಸತ್ತ ಮೇಲಷ್ಟೇ ಶಾಂತಿ ಬಂತು. ಅಷ್ಟರಲ್ಲಿ 5 ಲಕ್ಷದಷ್ಟು ಜನ ಸತ್ತಿದ್ದರು.

ಮೊಜಾಂಬಿಕ್ ಒಗ್ಗಟ್ಟಾಗಿದ್ದರೂ ಪಾರಾಗಲಿಲ್ಲ. ನೆರೆಯ ರೊಡೇಷಿಯಾದ ಗೂಢಚಾರ ಸಂಸ್ಥೆ ಕಟ್ಟಿ, ಆಮೇಲೆ ದಕ್ಷಿಣ ಆಫ್ರಿಕಾ ಸಾಕಿದ ರೆನಾಮೊ ಪಡೆ ಶಾಲೆ, ಆಸ್ಪತ್ರೆ, ರೈಲುಹಳಿಗಳನ್ನೇ ಗುರಿ ಮಾಡಿತು. 1992ರಲ್ಲಿ ರೋಮ್‌ನಲ್ಲಿ ಒಪ್ಪಂದವಾಗುವ ಹೊತ್ತಿಗೆ ಯುದ್ಧ ಮತ್ತು ಬರಗಾಲಕ್ಕೆ ಸುಮಾರು 10 ಲಕ್ಷ ಜನ ಬಲಿಯಾಗಿದ್ದರು. ಏಷ್ಯಾದಲ್ಲಿ ಪೋರ್ಚುಗಲ್‌ನ ವಸಾಹತಾಗಿದ್ದ ಪೂರ್ವ ತಿಮೋರ್ 1975ರ ನವೆಂಬರ್ 28ರಂದು ಸ್ವಾತಂತ್ರ್ಯ ಸಾರಿತು. ಡಿಸೆಂಬರ್ 6ರಂದು ಫೋರ್ಡ್ ಮತ್ತು ಅವರ ವಿದೇಶಾಂಗ ಸಚಿವ ಕಿಸಿಂಜರ್ ಜಕಾರ್ತಾದಲ್ಲಿ ಇಂಡೋನೇಷ್ಯಾದ ಅಧ್ಯಕ್ಷ ಸುಹಾರ್ತೊ ಅವರನ್ನು ಭೇಟಿಯಾದರು. ಮರುದಿನ ಇಂಡೋನೇಷ್ಯಾದ ಸೇನೆ ತಿಮೋರ್‌ಗೆ ನುಗ್ಗಿತು. ಆ ಜನ ಮತ್ತೆ ಸ್ವತಂತ್ರರಾದದ್ದು 2002ರಲ್ಲಿ.

ಹೋರಾಡಿ ಬಂದವರ ತಪ್ಪುಗಳನ್ನೂ ಮರೆಮಾಚಬಾರದು. 1977ರ ಮೇ 27ರ ಬಂಡಾಯ ಯತ್ನದ ನಂತರ ಎಂಪಿಎಲ್‌ಎ ತನ್ನದೇ ಸಾವಿರಾರು ಕಾರ್ಯಕರ್ತರನ್ನು ಕೊಂದಿತು. ಗಿನಿ ಬಿಸ್ಸಾವುವಿನಲ್ಲಿ 1980ರ ಸೇನಾದಂಗೆ ಕಬ್ರಾಲ್ ಕಂಡ ಕೇಪ್ ವರ್ಡ್ ಜೊತೆಗಿನ ಒಕ್ಕೂಟದ ಕನಸನ್ನು ಮುರಿಯಿತು. ಬಂದೂಕಿನಿಂದ ಬಂದ ಅಧಿಕಾರಕ್ಕೆ ಬಂದೂಕು ಇಳಿಸುವುದು ಕಲಿಯಲು ಬಹಳ ಕಾಲ ಹಿಡಿಯಿತು.

ಹೀಗಿದ್ದೂ ಲೆಕ್ಕ ಬರೀ ಸಾವಿನದಲ್ಲ. 1987–88ರಲ್ಲಿ ಅಂಗೋಲಾದ ಕುಯಿಟೊ ಕುವನವಾಲೆಯಲ್ಲಿ ಅಂಗೋಲಾ ಮತ್ತು ಕ್ಯೂಬಾ ಪಡೆಗಳು ದಕ್ಷಿಣ ಆಫ್ರಿಕಾದ ಮುನ್ನಡೆಯನ್ನು ತಡೆದು ನಿಂತವು. 1988ರ ಡಿಸೆಂಬರ್‌ನ ನ್ಯೂಯಾರ್ಕ್ ಒಪ್ಪಂದಕ್ಕೆ, ದಕ್ಷಿಣ ಆಫ್ರಿಕಾದ ವಶದಲ್ಲಿದ್ದ ನಮೀಬಿಯಾದ 1990ರ ಸ್ವಾತಂತ್ರ್ಯಕ್ಕೆ ಅದು ದಾರಿ ಮಾಡಿತು. ವರ್ಣಭೇದದ ಸೈನ್ಯವನ್ನು ತಡೆಯಬಹುದು ಎಂಬ ಧೈರ್ಯ ಆ ಭಾಗದಲ್ಲೆಲ್ಲ ಹರಡಿತು.

ಯಾರ ಕಥೆ ಇದು?

ಇಂದು ಮತ್ತೆ ದೊಡ್ಡ ದೇಶಗಳು ಸಣ್ಣವರನ್ನು ಯಾವ ಕಡೆ ನಿಲ್ಲುತ್ತೀರಿ ಎಂದು ಕೇಳುತ್ತಿವೆ. ಬಂದರು, ಗಣಿ, ಸೇನಾನೆಲೆಗಳ ಮಾತು ಮತ್ತೆ ಕೇಳಿಬರುತ್ತಿದೆ. ಈ ಕಾಲದಲ್ಲಿ ಗಿನಿ ಮತ್ತು ಅಂಗೋಲಾಗಳನ್ನು ಒಟ್ಟಿಗೆ ಓದುವುದು ಅಗತ್ಯ. ಎರಡಕ್ಕೂ ಹೊರಗಿನ ಶಸ್ತ್ರ ಬಂತು. ಒಂದರಲ್ಲಿ ಜನರ ಸಂಘಟನೆ ಶಸ್ತ್ರಕ್ಕಿಂತ ಮೊದಲೇ ಬೆಳೆದಿತ್ತು, ಹೀಗಾಗಿ ನೆರವು ನೆರವಾಗಿಯೇ ಉಳಿಯಿತು. ಇನ್ನೊಂದರಲ್ಲಿ ನಾಯಕರು ಒಬ್ಬರನ್ನೊಬ್ಬರು ನಂಬಲಿಲ್ಲ, ಹೀಗಾಗಿ ನೆರವೇ ಯುದ್ಧವಾಯಿತು. ಸವಿಂಬಿಗೂ ನೆತೋಗೂ ಅಲ್ವೋರ್ ಒಪ್ಪಂದಕ್ಕೆ ಬದ್ಧರಾಗಿ ನಿಲ್ಲಲು ಸಾಧ್ಯವಾಗಿದ್ದರೆ ಆ 27 ವರ್ಷಗಳು ಬೇರೆಯಾಗಿರುತ್ತಿದ್ದವು ಎಂದು ಹೇಳಲು ಧೈರ್ಯವೇನೂ ಬೇಕಿಲ್ಲ.

ನಮ್ಮ ಶಾಲೆಗಳಲ್ಲಿ ಗೋವಾ ವಿಮೋಚನೆಯನ್ನು ಎರಡು ದಿನಗಳ ಸೇನಾ ವಿಜಯವಾಗಿ ಕಲಿಸುತ್ತೇವೆ. ಬೆಳಗಾವಿ, ಕಾರವಾರಗಳ ನೆಲದಿಂದ ಹೊರಟ ಆ ಹೆಜ್ಜೆ, ಕಸಾಂಜೆಯ ಹತ್ತಿ ಬೆಳೆಗಾರರ ಸಿಟ್ಟಿನೊಂದಿಗೆ, ಬಿಸ್ಸಾವು ಬಂದರಿನ ಕೂಲಿಗಳ ಸಾವಿನೊಂದಿಗೆ, ಲಿಸ್ಬನ್‌ನ ಕ್ಯಾಪ್ಟನ್‌ಗಳ ಬೇಗುದಿಯೊಂದಿಗೆ ಸೇರಿ ಒಂದೇ ಹೋರಾಟವಾಗಿತ್ತು ಎಂದು ಕಲಿಸಬೇಕು. ಸ್ವಾತಂತ್ರ್ಯವನ್ನು ಯುರೋಪ್ ಲೋಕಕ್ಕೆ ಹಂಚಿತು ಎಂದು ನಂಬಿ ಬೆಳೆದ ತಲೆಮಾರುಗಳಿವೆ. ಆಫ್ರಿಕಾದ ಅಕ್ಷರ ಕಲಿಯದ ರೈತರು ಯುರೋಪಿನ ಒಂದು ಹಳೆಯ ದೇಶಕ್ಕೆ ಪ್ರಜಾಪ್ರಭುತ್ವವನ್ನು ಗಳಿಸಿಕೊಟ್ಟರು ಎಂಬ ಸಾಲು ನಮ್ಮ ಮಕ್ಕಳ ಇತಿಹಾಸ ಪುಸ್ತಕದಲ್ಲಿ ಇರಲೇಬೇಕು.